ಬೀಗ ಗಟ್ಟಿ ಮಾಡಿ, ಬಾಣಂತನಕ್ಕೆ ಹೊರಡಿ

ಪ್ರಶ್ನೆ: ನನಗೆ 61 ವರ್ಷ. ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾಗಿದ್ದೇನೆ. ಯಜಮಾನರೂ ನಿವೃತ್ತರು. ದಾವಣಗೆರೆಯಲ್ಲಿ ಸ್ವಂತ ಮನೆಯಿದೆ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಎರಡು ತಿಂಗಳ ಹಿಂದೆ ಎದುರು ಮನೆಯವರು ನೆಂಟರ ಮದುವೆಗೆ ಹೋಗಿದ್ದಾಗ ರಾತ್ರಿ ಕಳ್ಳರು ನುಗ್ಗಿ, ಬೀರು ಒಡೆದು ಬಂಗಾರ, ದುಡ್ಡು ಎಲ್ಲಾ ದೋಚಿದರು. ನಾವು ಎದುರಿಗೇ ಮಲಗಿದ್ದೆವು, ಒಂದು ಸದ್ದೂ ಕೇಳಿಸಲಿಲ್ಲ. ಅಂದಿನಿಂದ ನನಗೆ ನಿದ್ದೆಯಿಲ್ಲ. ಮಲಗುವ ಮುಂಚೆ ಚಿಲಕ ನೋಡುತ್ತೇನೆ, ಮಲಗಿದ ಮೇಲೆ ಎದ್ದು ಮತ್ತೆ ನೋಡುತ್ತೇನೆ, ಆಮೇಲೂ ಹಾಕಿದೆನೋ ಇಲ್ಲವೋ ಎಂದು ಅನುಮಾನ.

ಮುಂದಿನ ತಿಂಗಳು ಮಗಳಿಗೆ ಎರಡನೇ ಹೆರಿಗೆ. ನಾವಿಬ್ಬರೂ ಮೂರು ತಿಂಗಳು ಪುಣೆಗೆ ಹೋಗಬೇಕೆಂದು ಮೊದಲೇ ಮಾತಾಗಿತ್ತು. ಈಗ ಮನೆಗೆ ಬೀಗ ಹಾಕಿ ಹೋಗಲು ಧೈರ್ಯವಿಲ್ಲ. ಮಗ ಕ್ಯಾಮೆರಾ ಹಾಕಿಸೋಣ ಎನ್ನುತ್ತಾನೆ, ಇಲ್ಲದಿದ್ದರೆ ಮನೆ ಮಾರಿ ಅಪಾರ್ಟ್‌ಮೆಂಟ್‌ಗೆ ಬನ್ನಿ ಎನ್ನುತ್ತಾನೆ. ಯಜಮಾನರು ನಾಯಿ ಸಾಕೋಣ ಎನ್ನುತ್ತಾರೆ. ನನ್ನ ತಾಯಿ ಕೊಟ್ಟ ಬಂಗಾರವೂ ಮಗಳ ಒಡವೆಯೂ ಮನೆಯಲ್ಲೇ ಇವೆ. ಇನ್ನೊಂದು ಮಾತು ಬರೆಯಲು ಸಂಕೋಚವಾಗುತ್ತದೆ. ಹನ್ನೆರಡು ವರ್ಷದಿಂದ ಮನೆಗೆಲಸಕ್ಕೆ ಬರುವ ಹೆಣ್ಣುಮಗಳ ಮೇಲೂ ಈಗ ಅನುಮಾನ ಬರುತ್ತಿದೆ. ಅವಳು ಕೋಣೆ ಗುಡಿಸುವಾಗ ನಾನು ಬಾಗಿಲಲ್ಲಿ ನಿಂತಿರುತ್ತೇನೆ. ಅವಳಿಗೂ ಅದು ಗೊತ್ತಾಗಿದೆ ಅನ್ನಿಸುತ್ತದೆ. ಬಾಣಂತನಕ್ಕೆ ಹೋಗುವುದನ್ನು ಬಿಟ್ಟುಬಿಡಲೇ? ದಾರಿ ತೋರಿಸಿ.

— ಹೆಸರು ಬೇಡ, ದಾವಣಗೆರೆ

ಉತ್ತರ: ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಬಿಡಬೇಡಿ, ಹೋಗಿ. ಆ ಮೂರು ತಿಂಗಳು ಮಗಳಿಗೆ ನೀವು ಬೇಕು. ಮನೆಯನ್ನು ಕಾಯುವುದಕ್ಕೆ ಬೇರೆ ದಾರಿಗಳಿವೆ, ಮಗಳ ಪಕ್ಕದಲ್ಲಿ ತಾಯಿ ಕೂರುವ ಜಾಗಕ್ಕೆ ಬೇರೆ ಯಾರೂ ಇಲ್ಲ. ಹೊರಡುವ ಮುಂಚೆ ಮಾಡಬೇಕಾದ ಕೆಲಸಗಳು ಹಲವಿವೆ, ಆದರೆ ಯಾವುದೂ ನಿಮ್ಮ ಕೈಮೀರಿದ್ದಲ್ಲ. ಒಂದು ತಿಂಗಳು ಸಾಕಾಗುತ್ತದೆ.

ನಿಮ್ಮ ಭಯವನ್ನು ನಾನು ಅಲ್ಲಗಳೆಯುವುದಿಲ್ಲ. ಒಂದು ಮನೆಗೆ ಕಳ್ಳ ನುಗ್ಗಿದ ನಂತರದ ಕೆಲವು ವಾರಗಳಲ್ಲಿ ಅದೇ ಮನೆಗೆ, ಇಲ್ಲವೇ ಅದರ ಅಕ್ಕಪಕ್ಕದ ಮನೆಗಳಿಗೆ ಮತ್ತೆ ಕಳ್ಳ ಬರುವ ಸಂಭವ ಹೆಚ್ಚು ಎಂದು ಅಪರಾಧಶಾಸ್ತ್ರದ ಅಧ್ಯಯನಗಳು ಬೇರೆ ಬೇರೆ ದೇಶಗಳಲ್ಲಿ ತೋರಿಸಿವೆ. ಬಂದವನಿಗೆ ಆ ಬೀದಿಯ ಪರಿಚಯವಾಗಿರುತ್ತದೆ. ಹಾಗಾಗಿ ನಿಮ್ಮ ಎಚ್ಚರ ಸರಿಯಾಗಿಯೇ ಇದೆ. ಆದರೆ ಆ ಎಚ್ಚರಕ್ಕೆ ಮಾಡಲು ಕೆಲಸ ಸಿಗಬೇಕು. ಸಿಗದಿದ್ದರೆ ಅದು ರಾತ್ರಿಯೆಲ್ಲ ಚಿಲಕದ ಬಳಿ ಓಡಾಡಿಸುತ್ತದೆ, ಹಗಲಲ್ಲಿ ಹನ್ನೆರಡು ವರ್ಷದ ನಂಟನ್ನು ಅನುಮಾನಿಸಲು ಹೇಳುತ್ತದೆ.

ಕಳ್ಳ ನೋಡುವುದು ಏನನ್ನು?

ಬೀಗ ಹಾಕಿದ ಮನೆಗೆ ನುಗ್ಗುವವನು ಸಾಮಾನ್ಯವಾಗಿ ಮೂರು ಲೆಕ್ಕ ಹಾಕುತ್ತಾನೆ. ಒಳಗೆ ಯಾರೂ ಇಲ್ಲ ತಾನೇ? ಬಾಗಿಲು ಬೇಗ ತೆರೆಯುತ್ತದೆಯೇ? ತೆರೆಯುವಾಗ ಯಾರ ಕಣ್ಣಿಗಾದರೂ ಬೀಳುತ್ತೇನೆಯೇ? ಈ ಮೂರರಲ್ಲಿ ಒಂದು ತಪ್ಪಿದರೂ ಅವನು ಮುಂದಿನ ಮನೆ ನೋಡುತ್ತಾನೆ. ಪೊಲೀಸರು ಹಗಲು ಕನ್ನಗಳವು, ರಾತ್ರಿ ಕನ್ನಗಳವು ಎಂದು ಎರಡಾಗಿ ಬರೆದುಕೊಳ್ಳುತ್ತಾರೆ. ಎರಡರಲ್ಲೂ ಲೆಕ್ಕ ಇದೇ.

ಮನೆಯಲ್ಲಿ ಯಾರೂ ಇಲ್ಲ ಎಂಬುದನ್ನು ನಮ್ಮ ಊರುಗಳಲ್ಲಿ ಸಾರಿ ಹೇಳುವ ಗುರುತುಗಳು ಯಾವುವು, ನೀವೇ ಯೋಚಿಸಿ. ಎಲ್ಲರ ಮನೆ ಮುಂದೆಯೂ ರಂಗೋಲಿ, ಒಂದು ಮನೆಯ ಮುಂದೆ ಮಾತ್ರ ಕಸ, ಒಣಗಿದ ಎಲೆ. ಗೇಟಿನೊಳಗೆ ಬಿದ್ದ ನಾಲ್ಕು ದಿನದ ಪೇಪರ್. ಹಗಲು ಹನ್ನೆರಡಕ್ಕೂ ಉರಿಯುತ್ತಿರುವ ವರಾಂಡದ ದೀಪ. ರಸ್ತೆಗೇ ಕಾಣುವಂತೆ ಬಾಗಿಲಿಗೆ ತೂಗಿದ ದೊಡ್ಡ ಬೀಗ. ತಂತಿಯ ಮೇಲೆ ಮರೆತ ಟವೆಲ್. ರೈಲು ಹತ್ತಿದ ಕೂಡಲೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಿದ ಫೋಟೊ. ಇವಿಷ್ಟನ್ನೂ ಅಳಿಸುವುದಕ್ಕೆ ಹೆಚ್ಚು ದುಡ್ಡು ಬೇಡ. ಹಾಲು, ಪೇಪರ್ ನಿಲ್ಲಿಸಿ. ಎಷ್ಟು ದಿನ ಊರಲ್ಲಿರುವುದಿಲ್ಲ ಎಂಬುದನ್ನು ಮಾತ್ರ ಎಲ್ಲರಿಗೂ ಹೇಳಬೇಡಿ, ‘ಬೇಕಾದಾಗ ಫೋನ್ ಮಾಡುತ್ತೇವೆ’ ಎಂದರೆ ಸಾಕು. ಮೊಮ್ಮಗುವಿನ ಫೋಟೊ ಹಾಕುವ ಆಸೆ ತಪ್ಪಲ್ಲ, ಆದರೆ ಊರಿಗೆ ವಾಪಸಾದ ಮೇಲೆ ಹಾಕಿ.

ಮುಂಬಾಗಿಲು

ಬೀಗ ಒಡೆದಿದ್ದಾರೆ ಎಂದು ನಾವು ಹೇಳುತ್ತೇವೆ. ಬಹಳಷ್ಟು ಕಡೆ ಬೀಗ ಹಾಗೇ ಇರುತ್ತದೆ, ಕಿತ್ತು ಬಂದಿರುವುದು ಬೀಗ ಸಿಕ್ಕಿಸಿದ ಕೊಂಡಿ. ಅರ್ಧ ಇಂಚಿನ ಸ್ಕ್ರೂಗಳಲ್ಲಿ ನಿಂತ ಕೊಂಡಿಗೆ ಕಬ್ಬಿಣದ ರಾಡ್ ಹಾಕಿ ಮೀಟಿದರೆ ಏಳು ಲಿವರಿನ ಬೀಗವೂ ಕೊಂಡಿಯ ಜೊತೆಗೇ ಕೈಗೆ ಬರುತ್ತದೆ. ಹಾಗಾಗಿ ಹೊಸ ಬೀಗ ಕೊಳ್ಳುವ ಮುಂಚೆ ಬಡಗಿಯನ್ನು ಕರೆಸಿ. ಕೊಂಡಿ, ಚಿಲಕಗಳನ್ನು ಬಾಗಿಲಿನ ಆಚೆಯಿಂದ ಈಚೆಗೆ ತೂರುವ ಬೋಲ್ಟು ಹಾಕಿ, ಒಳಗಡೆ ನಟ್ಟು ಬಿಗಿಸಲು ಹೇಳಿ. ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯೇ ಎಂದು ಉಳಿಯಿಂದ ಚುಚ್ಚಿ ನೋಡಿಸಿ. ಚೌಕಟ್ಟೇ ಪುಡಿಯಾಗಿದ್ದರೆ ಯಾವ ಬೀಗವೂ ನಿಲ್ಲದು.

ಮುಂಬಾಗಿಲಿಗೆ ಹೊರಗೆ ತೂಗುವ ಬೀಗದ ಬದಲು, ಬಾಗಿಲಿನ ಒಳಗೇ ಕೂರುವ ಬೀಗ ಹಾಕಿಸಿ. ಅಂಗಡಿಯಲ್ಲಿ ಮಾರ್ಟೈಸ್ ಲಾಕ್ ಎಂದು ಕೇಳಿ. ಬೀಗದ ನಾಲಿಗೆ ಚೌಕಟ್ಟಿನ ಒಳಗೆ ಆಳವಾಗಿ ಹೋಗಬೇಕು. ಅದು ಹೋಗಿ ಕೂರುವ ಕಬ್ಬಿಣದ ತಟ್ಟೆಯನ್ನು ಕನಿಷ್ಠ ಎರಡೂವರೆ, ಮೂರು ಇಂಚಿನ ಸ್ಕ್ರೂಗಳಿಂದ ಬಿಗಿದಿರಬೇಕು. ಹೀಗೆ ಮಾಡಿದರೆ ರಸ್ತೆಯಿಂದ ನೋಡುವವನಿಗೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯುವುದಿಲ್ಲ. ಬಾಗಿಲಿನ ಮುಂದೆ ಗ್ರಿಲ್ ಇದ್ದರೆ ಅದಕ್ಕೂ ಬೀಗ ಹಾಕಿ. ಒಂದರ ಹಿಂದೆ ಇನ್ನೊಂದು ತಡೆ ಇದ್ದಷ್ಟೂ ಸಮಯ ಹೋಗುತ್ತದೆ, ಸದ್ದಾಗುತ್ತದೆ. ಕಳ್ಳನಿಗೆ ಬೇಡವಾದವು ಇವೆರಡೇ. ಬಾಗಿಲ ಕೀಲುಗಳು ಹೊರಗೆ ಕಾಣುವಂತಿದ್ದರೆ ಅವುಗಳ ಕಡ್ಡಿಯನ್ನು ತಟ್ಟಿ ತೆಗೆಯಬಹುದು. ಬಡಗಿಯಿಂದಲೇ ಅದಕ್ಕೂ ಪರಿಹಾರ ಮಾಡಿಸಿ.

ಕೀಲಿಕೈಯನ್ನು ಹೂಕುಂಡದ ಕೆಳಗೆ, ಚಪ್ಪಲಿ ಗೂಡಿನಲ್ಲಿ, ಮೀಟರ್ ಬಾಕ್ಸಿನ ಮೇಲೆ ಇಡುವ ರೂಢಿ ನಿಮ್ಮ ಮನೆಯಲ್ಲೂ ಇದ್ದರೆ ಇಂದೇ ಬಿಡಿ. ಆ ಜಾಗಗಳು ನಮಗೆಷ್ಟು ಗೊತ್ತೋ ಕಳ್ಳನಿಗೂ ಅಷ್ಟೇ ಗೊತ್ತು.

ಹಿತ್ತಲು ಮತ್ತು ಟೆರೇಸ್

ಮುಂಬಾಗಿಲಿಗೆ ಸಾಗವಾನಿ ಹಾಕಿಸಿದವರೂ ಹಿತ್ತಲಿಗೆ ತೆಳ್ಳನೆಯ ಬಾಗಿಲು ಹಾಕಿ ಸುಮ್ಮನಾಗಿರುತ್ತಾರೆ. ಹಿತ್ತಲ ಬಾಗಿಲಿಗೆ ಒಳಗಿನಿಂದ ಮೇಲೊಂದು, ಕೆಳಗೊಂದು ಬೋಲ್ಟು, ನಡುವೆ ಹಳೆಯ ಮನೆಗಳಲ್ಲಿದ್ದಂಥ ಅಗಳಿ ಹಾಕಿಸಿ. ಗೋಡೆಯ ಎರಡೂ ಬದಿಗೆ ಕೊಕ್ಕೆ ಕೂರಿಸಿ ಕಬ್ಬಿಣದ ಪಟ್ಟಿ ಅಡ್ಡ ಇಟ್ಟರೆ ಹೊರಗಿನಿಂದ ಎಷ್ಟು ಮೀಟಿದರೂ ಬಾಗಿಲು ಕದಲದು. ನಮ್ಮ ಹಿರಿಯರ ಈ ಉಪಾಯಕ್ಕಿಂತ ಅಗ್ಗದ, ಗಟ್ಟಿಯಾದ ತಡೆ ನನಗೆ ಗೊತ್ತಿಲ್ಲ. ಟೆರೇಸಿನ ಬಾಗಿಲಿಗೂ ಇದೇ ಆಗಬೇಕು. ಸಜ್ಜಾ, ಪೈಪು, ಕಾಂಪೌಂಡಿಗೆ ಬಾಗಿದ ಮಾವಿನ ಕೊಂಬೆ, ಪಕ್ಕದ ಕಟ್ಟಡದ ಮಹಡಿ ಇವೆಲ್ಲ ಟೆರೇಸಿಗೆ ಹತ್ತಲು ದಾರಿ. ಕೊಂಬೆ ಕಡಿಸಿ.

ಬಚ್ಚಲುಮನೆಯ ಗಾಳಿಕಿಂಡಿಯಲ್ಲಿ ಗಾಜಿನ ಪಟ್ಟಿಗಳಷ್ಟೇ ಇದ್ದರೆ ಅವನ್ನು ಒಂದೊಂದಾಗಿ ಸರಿಸಿ ತೆಗೆಯಬಹುದು. ಅಲ್ಲಿ ಗೋಡೆಗೇ ಹುದುಗಿಸಿದ ಸರಳು ಬೇಕು. ಕಿಟಕಿಯ ಗ್ರಿಲ್ಲನ್ನು ಹೊರಗಡೆಯಿಂದ ಸ್ಕ್ರೂ ಹಾಕಿ ನಿಲ್ಲಿಸಿದ್ದರೆ ಆ ಸ್ಕ್ರೂಗಳ ತಲೆಗೆ ವೆಲ್ಡಿಂಗ್ ಮಾಡಿಸಿ. ಹಾರೆ, ಪಿಕಾಸಿ, ಏಣಿ ಹಿತ್ತಲಲ್ಲಿ ಬಿದ್ದಿದ್ದರೆ ಒಳಗಿಟ್ಟು ಹೋಗಿ. ಕಳ್ಳನಿಗೆ ಬೇಕಾದ ಸಲಕರಣೆಯನ್ನು ನಾವೇ ಒದಗಿಸುವುದು ಬೇಡ.

ಎರಡು ಎಚ್ಚರಿಕೆ. ಭಯದಿಂದ ಗ್ರಿಲ್ಲಿಗಾಗಲಿ ಬೇಲಿಗಾಗಲಿ ಕರೆಂಟು ಹರಿಸುವ ಯೋಚನೆಯನ್ನು ಯಾರು ಹೇಳಿದರೂ ಕೇಳಬೇಡಿ. ಅದು ಅಪರಾಧ. ಚೆಂಡು ಹುಡುಕಿ ಬಂದ ಮಗುವಿನ ಜೀವ ಹೋಗುತ್ತದೆ. ಇನ್ನೊಂದು, ಮನೆಯ ಸುತ್ತ ಗ್ರಿಲ್ ಹಾಕಿ ಒಳಗಿನಿಂದ ಬೀಗ ಹಾಕಿಕೊಂಡು ಮಲಗುವವರು, ಬೆಂಕಿ ಬಿದ್ದರೆ ಕತ್ತಲಲ್ಲೂ ಕೈಗೆ ಸಿಗುವಂತೆ ಕೀಲಿಕೈಗೆ ಒಂದು ಜಾಗ ಗೊತ್ತು ಮಾಡಿಕೊಳ್ಳಬೇಕು. ಆ ಜಾಗ ಕಿಟಕಿಯಿಂದ ಕೈಗೆಟುಕಬಾರದು, ಮನೆಯ ಇಬ್ಬರಿಗೂ ತಿಳಿದಿರಬೇಕು.

ಬಂಗಾರ ಮನೆಯಲ್ಲಿ ಬೇಡ

ನಿಮ್ಮ ನಿದ್ದೆಗೆಟ್ಟಿರುವುದರಲ್ಲಿ ಅರ್ಧ ಪಾಲು ಬೀರುವಿನೊಳಗಿದೆ. ಬೀರುವಿನ ಬಾಗಿಲನ್ನು ಮೀಟಿ ತೆಗೆಯುವುದು ಕಷ್ಟವಲ್ಲ. ಅಕ್ಕಿ ಡಬ್ಬ, ದೇವರ ಮನೆಯ ಪೀಠ, ಹಾಸಿಗೆಯ ಅಡಿ ಇವನ್ನೂ ಕಳ್ಳರು ತಡಕಾಡುತ್ತಾರೆ. ಪುಣೆಗೆ ಹೊರಡುವ ಮುಂಚೆ ಬ್ಯಾಂಕಿನಲ್ಲಿ ಲಾಕರ್ ತೆಗೆದುಕೊಳ್ಳಿ. ದಿನಾ ಹಾಕಿಕೊಳ್ಳುವ ತಾಳಿ, ಬಳೆ, ಓಲೆ ಬಿಟ್ಟು ಉಳಿದಿದ್ದೆಲ್ಲ ಅಲ್ಲಿಗೆ ಹೋಗಲಿ.

ಲಾಕರಿನ ವಿಷಯದಲ್ಲಿ ಒಂದು ನಿಯಮ ತಿಳಿದಿರಬೇಕು. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ, 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಬ್ಯಾಂಕ್ ಸಿಬ್ಬಂದಿಯ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ. ವರ್ಷಕ್ಕೆ 2,000 ರೂಪಾಯಿ ಬಾಡಿಗೆಯಾದರೆ 2 ಲಕ್ಷ ರೂಪಾಯಿ. ಬಂಗಾರದ ಬೆಲೆ ಅದಕ್ಕಿಂತ ಬಹಳ ಹೆಚ್ಚಿರಬಹುದು. ಆದರೂ ಬೀರುವಿಗಿಂತ ಲಾಕರ್ ಎಷ್ಟೋ ಸುರಕ್ಷಿತ.

ಒಂದು ಮಧ್ಯಾಹ್ನ ಕೂತು ಪ್ರತಿ ಒಡವೆಯ ಫೋಟೊ ತೆಗೆಯಿರಿ. ತೂಕ, ಅಂಗಡಿ, ಬಿಲ್ ಇದ್ದರೆ ಅದರ ಫೋಟೊ ಎಲ್ಲವನ್ನೂ ಸೇರಿಸಿ ಮಗನಿಗೆ ಕಳಿಸಿ. ಪೊಲೀಸರು ಕಳ್ಳರನ್ನು ಹಿಡಿದು, ವಶಪಡಿಸಿಕೊಂಡ ಸ್ವತ್ತನ್ನು ವಾರಸುದಾರರಿಗೆ ಮರಳಿಸುವಾಗ, ಇದು ನನ್ನದೇ ಎಂದು ತೋರಿಸಲು ಬೇಕಾಗುವುದು ಇವೇ. 2023ರ ಏಪ್ರಿಲ್‌ನಿಂದ ಮಾರುವ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ ಮತ್ತು ಅಂಕಿಗಳ ಗುರುತು ಸಂಖ್ಯೆ ಕಡ್ಡಾಯವಾಗಿದೆ, ಅದನ್ನೂ ಬರೆದಿಡಿ. ನಿಮ್ಮ ತಾಯಿಯ ಕಾಲದ ಒಡವೆಗಳಿಗೆ ಆ ಗುರುತು ಇರುವುದಿಲ್ಲ, ಅವಕ್ಕೆ ಫೋಟೊವೇ ಆಧಾರ.

ವಿಮೆ ಮಾಡಿಸುವುದಾದರೆ ಷರತ್ತು ಓದಿ. 2021ರ ಏಪ್ರಿಲ್‌ನಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಬೆಂಕಿ, ಪ್ರವಾಹದಂಥ ಅನಾಹುತಕ್ಕೆ. ಆ ಅನಾಹುತದ ಬೆನ್ನಿಗೇ ಏಳು ದಿನದೊಳಗೆ ನಡೆದ ಕಳ್ಳತನವನ್ನಷ್ಟೇ ಅದು ಒಳಗೊಳ್ಳುತ್ತದೆ. ಕನ್ನಗಳವಿಗೆ ಪ್ರತ್ಯೇಕ ವಿಮೆ ಬೇಕು. ಬಹಳಷ್ಟು ಪಾಲಿಸಿಗಳಲ್ಲಿ ಮನೆ ಸತತ 30 ದಿನಕ್ಕಿಂತ ಹೆಚ್ಚು ಖಾಲಿಯಿದ್ದರೆ ವಿಮಾ ಕಂಪನಿಗೆ ಮೊದಲೇ ತಿಳಿಸಬೇಕೆಂಬ ಷರತ್ತು ಇರುತ್ತದೆ. ನೀವು ಹೋಗುತ್ತಿರುವುದು ಮೂರು ತಿಂಗಳಿಗೆ, ಆದ್ದರಿಂದ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಕ್ಯಾಮೆರಾ, ನಾಯಿ, ಅಪಾರ್ಟ್‌ಮೆಂಟ್

ಮಗ ಹೇಳಿದ ಕ್ಯಾಮೆರಾ ಹಾಕಿಸಿ, ಆದರೆ ಬಾಗಿಲ ಕೆಲಸ ಮುಗಿದ ಮೇಲೆ. ಕ್ಯಾಮೆರಾ ಕಳ್ಳನನ್ನು ನೋಡುತ್ತದೆ, ತಡೆಯುವುದಿಲ್ಲ. ಮಹಡಿಯ ತುದಿಗೆ ಹಾಕಿದರೆ ಟೋಪಿಯ ಮೇಲ್ಭಾಗವಷ್ಟೇ ಸಿಗುತ್ತದೆ. ಗೇಟಿನ ಹತ್ತಿರ ಮುಖ ಕಾಣುವ ಎತ್ತರಕ್ಕೊಂದು, ಹಿತ್ತಲಿಗೊಂದು ಸಾಕು. ಚಿತ್ರ ಉಳಿಯುವ ಪೆಟ್ಟಿಗೆಯನ್ನು ಟಿ.ವಿ. ಪಕ್ಕದಲ್ಲಿ ಇಟ್ಟರೆ ಕಳ್ಳ ಅದನ್ನೇ ಕಿತ್ತುಕೊಂಡು ಹೋಗುತ್ತಾನೆ. ಕಣ್ಣಿಗೆ ಬೀಳದ ಕಡೆ ಇಡಿ, ಕರೆಂಟು ಹೋದಾಗಲೂ ನಡೆಯುವಂತೆ ಯುಪಿಎಸ್‌ಗೆ ಕೂಡಿಸಿ. ಯಾರೋ ಓಡಾಡಿದರೆ ಮಗನ ಫೋನಿಗೆ ಸೂಚನೆ ಹೋಗುವಂತೆ ಮಾಡಿ. ಆ ಸೂಚನೆ ಬಂದಾಗ ಬೆಂಗಳೂರಿನಿಂದ ಅವನು ಯಾರಿಗೆ ಫೋನ್ ಮಾಡಬೇಕು? ಬೀದಿಯ ಎರಡು ಮನೆಗಳ ನಂಬರು ಅವನಲ್ಲಿ ಇರಲೇಬೇಕು. ಇಲ್ಲದಿದ್ದರೆ ಕಳ್ಳತನವನ್ನು ದೂರದಿಂದ ನೋಡುತ್ತಾ ಕೂರಬೇಕಾಗುತ್ತದೆ. ಕ್ಯಾಮೆರಾ ಪಕ್ಕದ ಮನೆಯವರ ಕಿಟಕಿಯತ್ತ ತಿರುಗಿರಬಾರದು.

ದೀಪವೂ ಹಾಗೆಯೇ. ಹಗಲು ರಾತ್ರಿ ಉರಿಯುವ ದೀಪ ಬೇಡ. ಸಂಜೆ ತಾನಾಗಿ ಹತ್ತಿ ಬೆಳಗ್ಗೆ ಆರುವ ಬಲ್ಬು ವರಾಂಡಕ್ಕೆ, ಯಾರಾದರೂ ಬಂದಾಗ ಥಟ್ಟನೆ ಹತ್ತುವ ಸೆನ್ಸರ್ ದೀಪ ಹಿತ್ತಲಿಗೆ, ಸಂಜೆ ಹತ್ತಿ ಮಲಗುವ ಹೊತ್ತಿಗೆ ಆರುವ ಟೈಮರ್ ಒಳಕೋಣೆಯ ಒಂದು ದೀಪಕ್ಕೆ ಹಾಕಿಸಿ.

ನಾಯಿ ಈಗ ಬೇಡ. ಮುಂದಿನ ತಿಂಗಳು ಬಿಟ್ಟುಹೋಗುವ ಮನೆಗೆ ಒಂದು ಜೀವವನ್ನು ತಂದು ಕಟ್ಟಿಹಾಕುವುದು ನ್ಯಾಯವಲ್ಲ. ವಾಪಸು ಬಂದ ಮೇಲೆ ಸಾಕುವ ಪ್ರೀತಿ, ಪುರುಸೊತ್ತು ಇದ್ದರೆ ಸಾಕಿ. ಮನೆ ಮಾರುವ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಹೆದರಿದ ಮನಸ್ಸಿನಲ್ಲಿ ಅಷ್ಟು ದೊಡ್ಡ ತೀರ್ಮಾನ ಆಗಬಾರದು.

ಮನೆಯಲ್ಲಿರುವಾಗ

ಗಂಡಹೆಂಡತಿ ಇಬ್ಬರೇ ಇರುವ ಮನೆಗೆ ಹಗಲಲ್ಲಿ ನೆಪ ಹೇಳಿಕೊಂಡು ಬರುವವರ ಬಗ್ಗೆ ಎಚ್ಚರವಿರಲಿ. ಬಂಗಾರ ಪಾಲಿಶ್ ಮಾಡಿಕೊಡುತ್ತೇವೆ, ಬಾಡಿಗೆಗೆ ಮನೆ ಇದೆಯೇ, ಗ್ಯಾಸ್ ಪೈಪು ನೋಡಬೇಕು, ಮದುವೆ ಪತ್ರಿಕೆ ಕೊಡಬೇಕು ಎನ್ನುತ್ತಾರೆ. ‘ನಾವು ಪೊಲೀಸರು, ಮುಂದೆ ಗಲಾಟೆಯಾಗಿದೆ, ಸರ ಬಿಚ್ಚಿ ಚೀಲದಲ್ಲಿ ಹಾಕಿಕೊಳ್ಳಿ’ ಎಂದು ರಸ್ತೆಯಲ್ಲಿ ವಯಸ್ಸಾದವರನ್ನು ನಿಲ್ಲಿಸಿ ಮೋಸ ಮಾಡುವುದೂ ಹಳೆಯ ಉಪಾಯ. ನಿಜವಾದ ಪೊಲೀಸರು ಹಾಗೆ ಕೇಳುವುದಿಲ್ಲ. ಬಾಗಿಲಿಗೆ ಒಳಗಿನಿಂದ ಸರಪಳಿಯೂ ನೋಡುವ ಗಾಜಿನ ಕಿಂಡಿಯೂ ಇರಲಿ. ಗ್ರಿಲ್ಲಿಗೆ ಬೀಗ ಹಾಕಿಕೊಂಡೇ ಮಾತಾಡಿ. ಗುರುತಿನ ಚೀಟಿ ಕೇಳುವುದು ಅಗೌರವವಲ್ಲ, ಸರಿಯಾದ ಕೆಲಸಕ್ಕೆ ಬಂದವರು ಬೇಸರಪಡುವುದಿಲ್ಲ. ನೀರು ಕೇಳಿದವರಿಗೆ ನೀರು ಕೊಡಿ. ಗ್ರಿಲ್ಲಿನ ಸಂದಿನಿಂದಲೂ ಕೊಡಬಹುದು.

ರಾತ್ರಿ ನಿಜವಾಗಿ ಯಾರೋ ಒಳಗೆ ಬಂದಿದ್ದಾರೆ ಅನ್ನಿಸಿದರೆ ಎದುರಿಸಲು ಹೋಗಬೇಡಿ. ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿಯಾದ ಬೋಲ್ಟು ಇರಲಿ, ಫೋನು ಹಾಸಿಗೆಯ ಪಕ್ಕದಲ್ಲೇ ಚಾರ್ಜಿಗಿರಲಿ. ಬೋಲ್ಟು ಹಾಕಿ, 112ಕ್ಕೆ ಕರೆ ಮಾಡಿ, ಎದುರು ಮನೆಗೆ ಕರೆ ಮಾಡಿ, ದೀಪ ಹಾಕಿ, ಕೂಗಿ. ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಕೊಟ್ಟಿದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಅದರ ಕುರಿತೇ ಇವೆ. ಆದರೆ ನಿಮ್ಮ ವಯಸ್ಸಿನಲ್ಲಿ ಕೋಲು ಹಿಡಿದು ಹೊರಗೆ ಬರುವುದಕ್ಕಿಂತ ಬಾಗಿಲು ಹಾಕಿ ಕೂಗುವುದೇ ಒಳ್ಳೆಯ ರಕ್ಷಣೆ. ಹೋದ ವಸ್ತುವನ್ನು ಮತ್ತೆ ಮಾಡಿಸಬಹುದು.

ಮನೆ ಕಾಯುವವರು ಯಾರು?

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು ಇದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕರ್ಕ್‌ಹೋಲ್ಟ್ ಎಂಬ ಬಡಾವಣೆಯಿದೆ. 1980ರ ದಶಕದಲ್ಲಿ ಅಲ್ಲಿ ಮನೆಗಳ್ಳತನ ವಿಪರೀತವಾಗಿತ್ತು. ಒಮ್ಮೆ ಕಳ್ಳತನವಾದ ಮನೆಯಲ್ಲೇ ಮತ್ತೆ ಮತ್ತೆ ಆಗುತ್ತಿದೆ ಎಂಬುದನ್ನು ಗಮನಿಸಿದ ಪೊಲೀಸರು ಮತ್ತು ಸಂಶೋಧಕರು ಆ ಮನೆಗಳ ಬಾಗಿಲು, ಬೀಗ ಗಟ್ಟಿ ಮಾಡಿಸಿದರು. ಮನೆಗಳಲ್ಲಿದ್ದ, ನಾಣ್ಯ ಹಾಕುವ ಗ್ಯಾಸ್ ಮತ್ತು ವಿದ್ಯುತ್ ಮೀಟರುಗಳನ್ನು ತೆಗೆಸಿದರು. ಜೊತೆಗೆ ಅಕ್ಕಪಕ್ಕದ ಐದಾರು ಮನೆಯವರನ್ನು ಕೂಡಿಸಿ, ಈ ಮನೆಯ ಮೇಲೆ ಕಣ್ಣಿಡಿ ಎಂದು ಕೇಳಿಕೊಂಡರು. ಕೆಲವೇ ವರ್ಷಗಳಲ್ಲಿ ಕಳ್ಳತನ ಬಹಳ ಇಳಿಯಿತು. ಬೀಗ, ಸೊತ್ತು, ನೆರೆಯವರ ಕಣ್ಣು ಮೂರನ್ನೂ ಒಟ್ಟಿಗೆ ನೋಡಿಕೊಂಡಿದ್ದರಿಂದ ಅದು ಸಾಧ್ಯವಾಯಿತು.

ನೀವೂ ಇದನ್ನೇ ಮಾಡಿ. ಕಳ್ಳತನವಾದ ಎದುರು ಮನೆಗೆ ಹೋಗಿ. ಅವರ ನೋವು ಕೇಳಿ. ಕಳ್ಳ ಎಲ್ಲಿಂದ ಬಂದ, ಯಾವ ಬಾಗಿಲು ಕಿತ್ತ ಎಂದು ತಿಳಿದುಕೊಳ್ಳಿ. ನಿಮ್ಮ ಮನೆಯ ದುರಸ್ತಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗದು. ನಿಮ್ಮ ಸುತ್ತಲಿನ ಐದಾರು ಮನೆಯವರು ಒಂದು ಸಂಜೆ ಕೂಡಿ ಫೋನ್ ನಂಬರು ಹಂಚಿಕೊಳ್ಳಿ. ಯಾರು ಊರಿಗೆ ಹೋದರೂ ಆ ಐದಾರು ಮನೆಗೆ ಮಾತ್ರ ತಿಳಿಸುವುದು, ಉಳಿದವರು ದಿನಕ್ಕೊಮ್ಮೆ ಗೇಟಿನವರೆಗೆ ಹೋಗಿ ನೋಡುವುದು, ರಾತ್ರಿ ಸದ್ದು ಕೇಳಿದರೆ ದೀಪ ಹಾಕಿ ಫೋನ್ ಮಾಡುವುದು ಎಂದು ಮಾತಾಡಿಕೊಳ್ಳಿ. ಠಾಣೆಗೆ ಹೋಗಿ ನಿಮ್ಮ ಬೀದಿಯ ಬೀಟ್ ಪೊಲೀಸರ ಪರಿಚಯ ಮಾಡಿಕೊಳ್ಳಿ. ರಾಜ್ಯದಲ್ಲಿ 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದ ಉದ್ದೇಶವೂ ಈ ಪರಿಚಯವೇ. ಮನೆಗೆ ಮೂರು ತಿಂಗಳು ಬೀಗ ಹಾಕಿರುತ್ತೇವೆ ಎಂದು ತಿಳಿಸಿದರೆ ಗಸ್ತಿನಲ್ಲಿ ನೋಡುತ್ತಾರೆ.

ಇನ್ನು ನಿಮ್ಮ ಮನೆಗೆಲಸದ ಹೆಣ್ಣುಮಗಳು. ಅಕ್ಕಾ, ಹನ್ನೆರಡು ವರ್ಷದಲ್ಲಿ ಅವಳು ನಿಮ್ಮ ಮನೆಯ ಎಷ್ಟು ಹಬ್ಬ, ಎಷ್ಟು ಜ್ವರ ನೋಡಿರಬೇಕು. ಅವಳ ಮೇಲೆ ಬೊಟ್ಟು ಮಾಡಲು ನಿಮ್ಮ ಪತ್ರದಲ್ಲಿ ಒಂದು ಕಾರಣವೂ ಇಲ್ಲ. ಎದುರು ಮನೆಯ ಕಳ್ಳತನಕ್ಕೂ ಅವಳಿಗೂ ಸಂಬಂಧವಿದೆ ಎಂದು ಯಾರೂ ಹೇಳಿಲ್ಲ. ಮನಸ್ಸು ಹೆದರಿದಾಗ ಹತ್ತಿರ ಇರುವ, ತನಗಿಂತ ಬಡವರಾದವರನ್ನು ಹುಡುಕಿ ದೂರುತ್ತದೆ. ಅದಕ್ಕೆ ಅವಕಾಶ ಕೊಡಬೇಡಿ. ಅನುಮಾನ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಮ್ಮ ರಾಜ್ಯ ನೋಡಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ವದಂತಿ ನಂಬಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರನ್ನು, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇನ್ನೊಬ್ಬರನ್ನು ಜನ ಹೊಡೆದು ಕೊಂದರು. ಇಬ್ಬರೂ ನಿರಪರಾಧಿಗಳು. ನಿಮ್ಮ ಬೀದಿಯ ಗುಂಪಿನಲ್ಲಿ ‘ಅನುಮಾನಾಸ್ಪದ ವ್ಯಕ್ತಿ’ ಎಂದು ಯಾರದೋ ಫೋಟೊ ಬಂದರೆ ಮುಂದಕ್ಕೆ ಕಳಿಸಬೇಡಿ, ಠಾಣೆಗೆ ಹೇಳಿ.

ಬಂಗಾರ ಲಾಕರಿಗೆ ಹೋದ ದಿನವೇ ಅವಳನ್ನು ಕಾಯುವ ಕಾರಣ ಮುಗಿಯುತ್ತದೆ. ಬೀರುವಿನ ಕೀಲಿಕೈಯನ್ನು ಯಾರ ಕಣ್ಣಿಗೂ ಬೀಳದಂತೆ ಇಡುವುದು ಎಲ್ಲ ಮನೆಯ ರೂಢಿಯಾಗಬೇಕು, ಅದು ಒಬ್ಬರ ಮೇಲಿನ ಗುಮಾನಿಯಾಗಬಾರದು. ಇಷ್ಟು ಮಾಡಿ, ಬಾಗಿಲಲ್ಲಿ ನಿಲ್ಲುವುದನ್ನು ಬಿಡಿ. ಒಂದು ದಿನ ಕಾಫಿ ಕೊಟ್ಟು ಹತ್ತಿರ ಕೂರಿಸಿಕೊಂಡು ಹೇಳಿ: ‘ಎದುರು ಮನೆಯಲ್ಲಿ ಹಾಗಾದ ಮೇಲೆ ನನಗೆ ಭಯ ಹಿಡಿದಿತ್ತು, ನಿನಗೆ ಬೇಜಾರಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೋಬೇಡಮ್ಮ.’ ಆಮೇಲೆ ಒಂದು ಕೆಲಸ ಒಪ್ಪಿಸಿ. ನೀವಿಲ್ಲದ ಮೂರು ತಿಂಗಳೂ ದಿನಾ ಬೆಳಗ್ಗೆ ಅಂಗಳ ಗುಡಿಸಿ, ನೀರು ಹಾಕಿ ರಂಗೋಲಿ ಬಿಡಲಿ, ಗಿಡಕ್ಕೆ ನೀರುಣಿಸಲಿ. ಸಂಬಳ ಪೂರ್ತಿ ಕೊಡಿ. ಈ ಮನೆಯಲ್ಲಿ ಜನ ಇದ್ದಾರೆ ಎಂದು ಬೀದಿಗೆ ತೋರಿಸಲು ದಿನಾ ಹೊಸದಾಗಿ ಬೀಳುವ ರಂಗೋಲಿಗಿಂತ ನಂಬುವಂಥ ಗುರುತಿಲ್ಲ. ಗೇಟಿನ ಹತ್ತಿರ ಯಾರೋ ಎರಡು ಸಲ ಸುಳಿದರೆ, ಗ್ರಿಲ್ ಸ್ವಲ್ಪ ಅಲುಗಿದ್ದರೆ ಮೊದಲು ಗೊತ್ತಾಗುವುದೂ ಅವಳಿಗೇ. ಮನೆ ಕಾಯಬಲ್ಲ ಕಣ್ಣನ್ನೇ ನೀವು ಈ ಎರಡು ತಿಂಗಳು ಅನುಮಾನದಿಂದ ನೋಡಿದ್ದೀರಿ.

ನಿಮ್ಮ ನಿದ್ದೆ

ಚಿಲಕ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಮತ್ತೆ ಮತ್ತೆ ನೋಡಿದಷ್ಟೂ ಹೆಚ್ಚುತ್ತದೆ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಂಪ್ಯೂಟರಿನ ಪರದೆಯ ಮೇಲಿನ ಗ್ಯಾಸ್ ಒಲೆಯನ್ನು ಜನರಿಂದ ಪದೇ ಪದೇ ಪರೀಕ್ಷೆ ಮಾಡಿಸಿದರು. ಹೆಚ್ಚು ಸಲ ನೋಡಿದವರಿಗೆ ಕೊನೆಯ ಸಲ ನೋಡಿದ್ದರ ನೆನಪು ಮಸುಕಾಗಿತ್ತು, ತಮ್ಮ ನೆನಪಿನ ಮೇಲಿನ ನಂಬಿಕೆಯೂ ಕುಗ್ಗಿತ್ತು. ನಿಮಗೆ ಆಗುತ್ತಿರುವುದೂ ಇದೇ. ಮರೆವಿನ ಕಾಯಿಲೆ ಎಂದುಕೊಳ್ಳಬೇಡಿ.

ಇಂದಿನಿಂದ ಹೀಗೆ ಮಾಡಿ. ರಾತ್ರಿ ಒಂದೇ ಸಲ, ಒಂದೇ ಕ್ರಮದಲ್ಲಿ ನೋಡಿ: ಟೆರೇಸ್, ಹಿತ್ತಲು, ಗ್ಯಾಸ್, ಮುಂಬಾಗಿಲು. ಪ್ರತಿಯೊಂದಕ್ಕೂ ಕೈ ಮುಟ್ಟಿಸಿ, ‘ಹಾಕಿದೆ’ ಎಂದು ಬಾಯಿ ಬಿಟ್ಟು ಹೇಳಿ. ಯಜಮಾನರು ಜೊತೆಗಿರಲಿ. ಆಮೇಲೆ ಅನುಮಾನ ಬಂದರೆ ಬರಲಿ, ಏಳಬೇಡಿ. ಮೊದಲ ಕೆಲವು ರಾತ್ರಿ ಕಷ್ಟವಾಗುತ್ತದೆ, ಆಮೇಲೆ ಸಡಿಲಾಗುತ್ತದೆ. ಮಲಗುವ ಮುಂಚೆ ಕಳ್ಳತನದ ಸುದ್ದಿ, ಸಿಸಿಟಿವಿ ವಿಡಿಯೊ ನೋಡಬೇಡಿ. ಮೂರು ನಾಲ್ಕು ವಾರ ಹೀಗೆ ಮಾಡಿಯೂ ನಿದ್ದೆ ಬಾರದಿದ್ದರೆ, ದಿನಕ್ಕೆ ಗಂಟೆಗಟ್ಟಲೆ ಬಾಗಿಲಿನ ಚಿಂತೆಯೇ ಆದರೆ ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಮಾಡಿಯೂ

ಇಷ್ಟೆಲ್ಲ ಮಾಡಿದರೂ ಕಳ್ಳ ಬರಲಾರ ಎಂದು ಯಾರೂ ಮಾತು ಕೊಡಲಾರರು. ಬಂದರೆ ಅವನಿಗೆ ಸಿಗುವುದು ಕಡಿಮೆ, ಅವನು ಸಿಕ್ಕಿಬೀಳುವ ಸಂಭವ ಹೆಚ್ಚು ಎಂಬಷ್ಟನ್ನು ನಾವು ಮಾಡಬಲ್ಲೆವು. ಬಾಗಿಲು ಮುರಿದಿದೆ ಎಂದು ಫೋನ್ ಬಂದರೆ ನೆರೆಯವರು ಒಳಗೆ ಹೋಗಬಾರದು, ಏನನ್ನೂ ಮುಟ್ಟಬಾರದು. ಬೆರಳಚ್ಚು ತಜ್ಞರು, ಶ್ವಾನದಳ ಬರುವ ತನಕ ಹಾಗೇ ಇರಲಿ. 112ಕ್ಕೆ ಕರೆ ಮಾಡಲಿ. ನೀವು ಪುಣೆಯಲ್ಲಿದ್ದುಕೊಂಡೇ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಲು ಅವಕಾಶವಿದೆ. ವಿದ್ಯುನ್ಮಾನ ಮಾಧ್ಯಮದಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮನೆಯೊಳಗಿನ ಕಳ್ಳತನಕ್ಕೆ ನ್ಯಾಯ ಸಂಹಿತೆಯ 305ನೇ ಕಲಂ ಏಳು ವರ್ಷದವರೆಗೆ ಶಿಕ್ಷೆ ಹೇಳುತ್ತದೆ.

ಈ ವಾರ ಬಡಗಿಯನ್ನು ಕರೆಸಿ, ಬ್ಯಾಂಕಿಗೆ ಹೋಗಿ ಬನ್ನಿ. ಮುಂದಿನ ವಾರ ಎದುರು ಮನೆಗೆ, ಠಾಣೆಗೆ. ಮೂರನೇ ವಾರ ದೀಪ, ಕ್ಯಾಮೆರಾ. ಕೊನೆಯ ವಾರ ಅಂಟಿನುಂಡೆ ಕಟ್ಟುವುದಕ್ಕೆ ಇಟ್ಟುಕೊಳ್ಳಿ. ಹೊರಡುವ ದಿನ ಬಾಗಿಲಿಗೆ ಬೀಗ ಹಾಕಿ, ಒಂದು ಸಲ ಎಳೆದು ನೋಡಿ, ಒಂದು ಕೀಲಿಕೈಯನ್ನು ನಂಬಿಕೆಯ ನೆರೆಮನೆಗೆ ಕೊಟ್ಟು ರೈಲು ಹತ್ತಿ. ಮಗಳಿಗೆ ಸುಖವಾಗಿ ಹೆರಿಗೆಯಾಗಲಿ.